ಕಿದ್ವಾಯಿಯೋ, ಖಾಸಗಿ ಆಸ್ಪತ್ರೆಯೋ?

ಮನೆಯಲ್ಲಿ ಯಾರಿಗೋ ಕ್ಯಾನ್ಸರ್‌ಗೆ ಕೀಮೋ ಕೊಡಿಸಬೇಕು, ಬೆಂಗಳೂರಿನಲ್ಲಿ ಯಾರನ್ನು ನೋಡೋಣ? ಎಲ್ಲೇ ಹೋಗಿ, ಮೊದಲು ಡಿಗ್ರಿ ನೋಡಿ. ಮೆಡಿಕಲ್ ಆಂಕಾಲಜಿಯಲ್ಲಿ, ಅಂದರೆ ಔಷಧಿಯಿಂದ ಕ್ಯಾನ್ಸರ್‌ಗೆ ಚಿಕಿತ್ಸೆ ಕೊಡುವ ವಿಭಾಗದಲ್ಲಿ, ಡಿಎಂ ಅಥವಾ ಡಿಆರ್‌ಎನ್‌ಬಿ ಇರಬೇಕು. ಎಂಸಿಎಚ್ ಅಂದರೆ ಆಪರೇಷನ್ ಮಾಡುವವರು, ಅವರು ಬೇರೆ.

ಬೆಂಗಳೂರಿನ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ಕಿದ್ವಾಯಿ ಶುರುವಾಗಿದ್ದು 1973ರಲ್ಲಿ. ಅಲ್ಲಿನ ಡಾಕ್ಟರುಗಳು ನೋಡದ ಕ್ಯಾನ್ಸರ್ ಕಡಿಮೆ. ಸರ್ಜರಿ, ರೇಡಿಯೇಷನ್ ಒಂದೇ ಆವರಣದಲ್ಲಿವೆ. ಆದರೆ ರಶ್ ಜಾಸ್ತಿ, ಬೇಕಾದ ಡಾಕ್ಟರೇ ಸಿಗುತ್ತಾರೆ ಅನ್ನುವ ಹಾಗಿಲ್ಲ. ಖಾಸಗಿಯಲ್ಲಿ ಡಾಕ್ಟರನ್ನು ನೀವೇ ಆರಿಸಬಹುದು, ಕೂತು ಮಾತಾಡಬಹುದು. ಮಧ್ಯರಾತ್ರಿ ಜ್ವರ ಬಂದರೆ ಯಾರಿಗೆ ಫೋನ್ ಮಾಡಬೇಕು ಅಂತ ಮೊದಲೇ ಕೇಳಿ. ಕೀಮೋ ವೇಳೆಯ ಜ್ವರ ಸುಮ್ನೆ ಬಿಡುವಂಥದ್ದಲ್ಲ.

ದುಡ್ಡಿನ ಮಾತು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯ ಖರ್ಚು ಸಿಗುತ್ತದೆ. ನೋಂದಾಯಿತ ಖಾಸಗಿ ಆಸ್ಪತ್ರೆಯಲ್ಲೂ ನಡೆಯುತ್ತದೆ, ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಈ ಯೋಜನೆಯ ಕಾರ್ಡ್ ಇಲ್ಲದೆ ಖಾಸಗಿಗೆ ಹೋದರೆ ಒಂದು ಸೈಕಲ್‌ನದ್ದಲ್ಲ (ಕೀಮೋದ ಒಂದು ಸುತ್ತು), ಎಲ್ಲ ಸೈಕಲ್‌ಗಳ ಲೆಕ್ಕ ಬರೆಸಿಕೊಳ್ಳಿ.

ನನ್ನನ್ನು ಕೇಳಿದರೆ, ಇನ್ಶೂರೆನ್ಸ್ ಗಟ್ಟಿ ಇಲ್ಲದವರಿಗೆ ಕಿದ್ವಾಯಿಯೇ ವಾಸಿ. ಕಲಬುರಗಿ ಕಡೆಯವರು ಬೆಂಗಳೂರಿಗೆ ಬಸ್ ಹತ್ತುವ ಮೊದಲು ಅಲ್ಲೇ ಇರುವ ಕಿದ್ವಾಯಿ ಕೇಂದ್ರವನ್ನು ವಿಚಾರಿಸಿ. ಮೂರು ವಾರಕ್ಕೊಮ್ಮೆ ಓಡಾಡುವುದು ಸುಲಭವಲ್ಲ, ಅಲ್ವಾ?