ರಿಸರ್ಚ್ ಎಥಿಕ್ಸ್ ಆನ್‌ಲೈನ್ ಕೋರ್ಸ್: ಹಿಸ್ಟರಿ ಸೂಪರ್, ಉಳಿದಿದ್ದು ಅಷ್ಟಕ್ಕಷ್ಟೆ (3/5)

ನನ್ನ ರಿಸರ್ಚ್‌ಗೆ ಜನರ ಇಂಟರ್‌ವ್ಯೂ ಶುರು ಮಾಡೋ ಮುಂಚೆ, ರಿಸರ್ಚ್‌ಗೆ ಒಪ್ಪಿಗೆ ಕೊಡೋ ಎಥಿಕ್ಸ್ ಕಮಿಟಿಗೆ ಟ್ರೈನಿಂಗ್ ಸರ್ಟಿಫಿಕೇಟ್ ಕೊಡ್ಲೇಬೇಕು ಅಂದ್ರು, ಅದಕ್ಕೇ ಮಾಡಿದ್ದು ಇದನ್ನ. ಸಮಾಜ ವಿಜ್ಞಾನದೋರಿಗೆ ಅಂತ್ಲೇ ಇರೋ ಕೋರ್ಸು, ಆರು ಮಾಡ್ಯೂಲು, ಒಂದೊಂದರ ಕೊನೇಲೂ ಕ್ವಿಜ್ಜು. ಹೆಸರು ಬೇಡ ಬಿಡಿ.

ಹಿಸ್ಟರಿ ಮಾಡ್ಯೂಲ್ ಮಾತ್ರ ಸಖತ್ತಾಗಿದೆ. ಅಮೆರಿಕದ ಟಸ್ಕೀಗಿ ಸ್ಟಡಿ ಕಥೆ ಮೊದ್ಲೇ ಗೊತ್ತಿತ್ತು, 1932ರಿಂದ 1972ರವರೆಗೆ ಸಿಫಿಲಿಸ್ ಇದ್ದ ಕಪ್ಪು ವರ್ಣೀಯ ಗಂಡಸರನ್ನ, ಪೆನಿಸಿಲಿನ್ ಬಂದ್ಮೇಲೂ ಔಷಧಿ ಕೊಡದೆ ಸುಮ್ನೆ ನೋಡ್ಕೊಂಡ್ ಕೂತಿದ್ರಲ್ಲ, ಆ ಗಲಾಟೆ ಆದ್ಮೇಲೇ ಕಾನೂನು ಬಂದು ಕೊನೆಗೆ ಮನುಷ್ಯರ ಮೇಲೆ ರಿಸರ್ಚ್ ಮಾಡೋವಾಗ ಪಾಲಿಸ್ಬೇಕಾದ ನೀತಿ ಹೇಳೋ 1979ರ ಬೆಲ್ಮಾಂಟ್ ರಿಪೋರ್ಟ್ ಬಂದಿದ್ದು. ಆದ್ರೆ ಅದು ಡಾಕ್ಟರುಗಳ ಕಥೆ, ನಾವು ಬರೀ ಪ್ರಶ್ನೆ ಕೇಳೋರು, ನಮ್ಮಿಂದ ಯಾರಿಗೇನು ತೊಂದ್ರೆ ಅನ್ನೋ ಜಂಬ ನಂಗಿತ್ತು. ಅದು ಇಳಿದಿದ್ದು ಲಾಡ್ ಹಂಫ್ರೀಸ್ ಅನ್ನೋ ಅಮೆರಿಕನ್ ಸಮಾಜಶಾಸ್ತ್ರಜ್ಞನ ಕೇಸ್ ಓದಿದ್ಮೇಲೆ. 1960ರ ದಶಕದಲ್ಲಿ ಈ ಪುಣ್ಯಾತ್ಮ ಸಾರ್ವಜನಿಕ ಶೌಚಾಲಯಗಳಲ್ಲಿ ಗಂಡಸರು ಗಂಡಸರ ಜೊತೆ ಸೇರೋವಾಗ ಕಾವಲಿಗೆ ನಿಂತೋನ ಥರ ನಿಂತು ನೋಡಿ, ಅವರ ಕಾರ್ ನಂಬರ್ ಬರ್ಕೊಂಡು, ಅಡ್ರೆಸ್ ಪತ್ತೆ ಮಾಡಿ, ವರ್ಷ ಕಳೆದ್ಮೇಲೆ ವೇಷ ಬದಲಾಯಿಸ್ಕೊಂಡು ಹೆಲ್ತ್ ಸರ್ವೆ ಅಂತ ಅವರ ಮನೇಗೇ ಹೋಗಿ ಪ್ರಶ್ನೆ ಕೇಳ್ದ. ಯಾರಿಗೂ ಸೂಜಿ ಚುಚ್ಚಿಲ್ಲ, ಮಾತ್ರೆ ಕೊಟ್ಟಿಲ್ಲ. ಆ ಲಿಸ್ಟ್ ಪೊಲೀಸ್ರ ಕೈಗೆ ಸಿಕ್ಕಿದ್ರೆ ಎಷ್ಟ್ ಸಂಸಾರ ಬೀದಿಗೆ ಬೀಳ್ತಿತ್ತೋ.

ಅಲ್ಲಿಂದ ಮುಂದೆ ಇಳಿಜಾರು. ಒಪ್ಪಿಗೆ ಪತ್ರದ ಮಾಡ್ಯೂಲ್ ಪೂರ್ತಿ ಸಹಿ, ತಾರೀಖು, ಎರಡು ಕಾಪಿ ಅಷ್ಟೇ. ಕ್ವಿಜ್ ಬಗ್ಗೆ ಒಂದು ಗುಟ್ಟು ಹೇಳ್ತೀನಿ, ನಾಕು ಆಪ್ಷನ್ನಲ್ಲಿ ಯಾವುದು ಉದ್ದ ಇರುತ್ತೋ ಅದೇ ಸರಿ ಉತ್ತರ! ಕೊನೇ ಮಾಡ್ಯೂಲು ಓದ್ದೇನೇ ಪಾಸಾದೆ.

ಗೋಪ್ಯತೆಗೆ ಸಿಕ್ಕಿರೋದು ಎರಡೇ ಸ್ಲೈಡು, ಹೆಸರು ಬದಲಾಯಿಸಿ, ಫೈಲ್‌ಗೆ ಪಾಸ್‌ವರ್ಡ್ ಹಾಕಿ, ಮುಗೀತು. ನಾನೂ ಹಂಗೇ ಮಾಡ್ದೆ. ಇಂಟರ್‌ವ್ಯೂನಲ್ಲಿ ಒಬ್ರು ಹೆಂಗಸು ಕೆಲಸದ ಜಾಗದ ಕಿರುಕುಳದ ಬಗ್ಗೆ ಮಾತಾಡಿದ್ರು, ಸಹಿನೂ ಹಾಕಿದ್ರು, ನಾನು ಹೆಸರು ಬದಲಾಯಿಸಿ ಬರೆದೆ. ಚಾಪ್ಟರಿನ ಡ್ರಾಫ್ಟ್ ಅವರಿಗೆ ತೋರಿಸ್ದಾಗ "ನೈಟ್ ಶಿಫ್ಟಲ್ಲಿರೋ ಒಬ್ಬಳೇ ಹೆಂಗಸು" ಅನ್ನೋ ಸಾಲಿನ ಮೇಲೆ ಬೆರಳಿಟ್ಟು, "ಮೇಡಂ, ಇದನ್ನ ಓದಿದ್ರೆ ನಮ್ ಸೂಪರ್‌ವೈಸರ್‌ಗೆ ನಾನೇ ಅಂತ ತಕ್ಷಣ ಗೊತ್ತಾಗುತ್ತೆ" ಅಂದ್ರು. ನಂಗೆ ಬೆವರಿಳೀತು. ಊರೋರಿಗೆಲ್ಲ ಗುರುತು ಸಿಗದೇ ಇರ್ಬಹುದು, ಪಕ್ಕದ ಸೀಟಲ್ಲಿ ಕೂರೋನಿಗೆ ಸಿಕ್ಕೇ ಸಿಗುತ್ತೆ, ಅಪಾಯ ಬರೋದೂ ಅವನಿಂದ್ಲೇ. ಆ ಸಾಲು ತೆಗೆದೆ, ಅದ್ರ ಜೊತೆ ಚಾಪ್ಟರಿನ ಒಳ್ಳೇ ಭಾಗ ಅರ್ಧ ಹೋಯ್ತು, ಹೋಗ್ಲಿ. ಇದನ್ನ ಕೋರ್ಸೇ ಹೇಳ್ಕೊಡ್ಬೇಕಿತ್ತು ತಾನೆ?

ಕಮಿಟಿ ಕೇಳಿದ್ರೆ ಮಾಡ್ಲೇಬೇಕು, ಬೇರೆ ದಾರಿ ಇಲ್ಲ. ಹಿಸ್ಟರಿ ಮಾಡ್ಯೂಲ್ ನಿಧಾನಕ್ಕೆ ಓದಿ, ಉಳಿದಿದ್ದಕ್ಕೆ ಫೀಲ್ಡಲ್ಲಿ ಪಳಗಿರೋ ಸೀನಿಯರ್ ಒಬ್ರನ್ನ ಹಿಡ್ಕೊಂಡು ಕೂತ್ಕೊಳಿ. ಅಂದಹಾಗೆ ಸರ್ಟಿಫಿಕೇಟ್ ಮೂರೇ ವರ್ಷ ನಡೆಯೋದು, ಆಮೇಲೆ ಮತ್ತೆ ಅದೇ ಕ್ವಿಜ್ಜು.