ಕೂದಲು ತೆಗೆಯುವ ರೋಲರ್: ಬೇಸಿಗೆಗೆ ನಾಲ್ಕೂವರೆ ಸ್ಟಾರ್, ಮಳೆಗಾಲಕ್ಕೆ ಎರಡು

ಸೋಫಾ, ಹಾಸಿಗೆಗೆ ಅಂಟಿದ ನಾಯಿ ಬೆಕ್ಕಿನ ಕೂದಲು ತೆಗೆಯುವ ಈ ರೋಲರ್ ನಮ್ಮ ಮನೆಗೆ ಬಂದ ಮೇಲೆ ಎರಡು ಮಳೆಗಾಲ ದಾಟಿವೆ. ಕೊಳ್ಳುವ ಮುಂಚೆ ಓದಿದ ವಿಮರ್ಶೆಗಳೆಲ್ಲ ಪೆಟ್ಟಿಗೆ ಬಿಚ್ಚಿದ ವಾರದಲ್ಲೇ ಬರೆದಂಥವು. ಒಬ್ಬರು "ಸೂಪರ್" ಅಂತ ಐದು ಸ್ಟಾರ್ ಕೊಟ್ಟಿದ್ದರೆ ಇನ್ನೊಬ್ಬರು "ದುಡ್ಡು ದಂಡ" ಅಂತ ಒಂದೇ ಸ್ಟಾರ್ ಕೊಟ್ಟಿದ್ದರು. ಈಗ ಕೇಳಿದರೆ ಇಬ್ಬರೂ ನಿಜವನ್ನೇ ಹೇಳಿದ್ದರು ಅನ್ನುತ್ತೇನೆ. ಯಾವ ತಿಂಗಳಲ್ಲಿ, ಯಾವ ಬಟ್ಟೆಯ ಮೇಲೆ ಓಡಿಸಿದಿರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ. ನಮ್ಮದು ಶಿರಸಿ ಹತ್ತಿರದ ಹಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಮುಚ್ಚಿಟ್ಟ ಉಪ್ಪೂ ನೀರು ಬಿಡುತ್ತದೆ. ಅಂಥ ಊರಲ್ಲಿ ಈ ವಸ್ತು ಹೇಗೆ ಕೆಲಸ ಮಾಡುತ್ತದೆ ಅಂತ ಯಾರೂ ಬರೆದಿರಲಿಲ್ಲ.

ಮನೆಯಲ್ಲಿ ಒಂದು ಬಿಳಿ ಬೆಕ್ಕು, ಒಂದು ಕರಿ ನಾಯಿ. ಬೆಕ್ಕಿನ ಕೂದಲು ಹುಡುಕಿಕೊಂಡು ಹೋಗಿ ಕಪ್ಪು ಪ್ಯಾಂಟಿಗೇ ಅಂಟುತ್ತದೆ. ನಾಯಿಯ ಕೂದಲಿಗೆ ಮಾವನವರ ಬಿಳಿ ಪಂಚೆಯೇ ಆಗಬೇಕು. ಎಲ್ಲಿಗಾದರೂ ಹೊರಟಾಗ ಜಗಲಿಯಲ್ಲಿ ನಿಂತು ಒಬ್ಬರ ಬೆನ್ನು ಒಬ್ಬರು ಕೊಡವುವುದು ನಮ್ಮಲ್ಲಿ ಪದ್ಧತಿಯೇ ಆಗಿಬಿಟ್ಟಿತ್ತು.

ನಾನು ತರಿಸಿದ್ದು ಚೊಮ್‌ಚೊಮ್ ಅನ್ನುವ ಹೆಸರಾದ ರೋಲರಿನ ಮಾದರಿಯಲ್ಲಿ ಮಾಡಿದ, ಅಂಥ ಹೆಸರೇನೂ ಇಲ್ಲದ ಅಗ್ಗದ ಮಾಲು. ಬೆಲೆ ನಾನೂರು ರೂಪಾಯಿಯ ಒಳಗೆ. ಬ್ಯಾಟರಿ ಇಲ್ಲ, ಅಂಟು ಹಾಳೆ ಇಲ್ಲ. ಬಂದ ದಿನ ಅತ್ತೆ ತಿರುಗಿಸಿ ಮುರುಗಿಸಿ ನೋಡಿ, "ಇದ್ಕೆ ದುಡ್ಡು ಕೊಟ್ಟು ತಗಂಬಂದ್ಯನೇ?" ಅಂದರು. ಒಂದು ತಿಂಗಳಾದ ಮೇಲೆ ಅವರೇ ಊಟ ಆದ ತಕ್ಷಣ ಅದನ್ನು ಕೈಯಲ್ಲಿ ಹಿಡಿದು ಸೋಫಾ ಕಡೆ ಹೋಗುತ್ತಿದ್ದರು.

ಒಳಗಿನ ಕೆಲಸ ಸರಳ. ಅಡಿಯಲ್ಲಿ ಮಖಮಲ್ಲಿನಂಥ ಬಟ್ಟೆಯ ಎರಡು ಪಟ್ಟಿಗಳಿವೆ. ಬೆರಳಾಡಿಸಿದರೆ ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಒರಟು. ಎರಡು ಪಟ್ಟಿಗಳ ಎಳೆಗಳು ಎದುರುಬದುರಾಗಿ ವಾಲಿರುತ್ತವೆ. ಮಧ್ಯೆ ರಬ್ಬರಿನ ಅಂಚು. ಮುಂದೆ ತಳ್ಳಿದಾಗ ಒಂದು ಪಟ್ಟಿ ಕೂದಲನ್ನು ಹಿಡಿಯುತ್ತದೆ, ಹಿಂದೆ ಎಳೆದಾಗ ಹಿಡಿದದ್ದು ಒಳಗಿನ ಡಬ್ಬಿಗೆ ಬೀಳುತ್ತದೆ. ಹಾಗಾಗಿ ಇದನ್ನು ಇಸ್ತ್ರಿಪೆಟ್ಟಿಗೆ ಓಡಿಸಿದ ಹಾಗೆ ಉದ್ದಕ್ಕೆ ಎಳೆದರೆ ಏನೂ ಸಿಗುವುದಿಲ್ಲ. ಒಂದು ಗೇಣು ಜಾಗದಲ್ಲಿ, ಸ್ವಲ್ಪ ಒತ್ತಿ, ಚಕಚಕ ಅಂತ ಹಿಂದೆ ಮುಂದೆ ಆಡಿಸಬೇಕು. ಆಮೇಲೆ ಪಕ್ಕದ ಗೇಣು. ಸರಿಯಾಗಿ ಓಡುತ್ತಿದ್ದರೆ ಟಕಟಕ ಸದ್ದು ಬರುತ್ತದೆ. ಸದ್ದಿಲ್ಲ ಅಂದರೆ ಉರುಳೆ ತಿರುಗುತ್ತಿಲ್ಲ, ನೀವು ಸುಮ್ನೆ ಬಟ್ಟೆ ಉಜ್ಜುತ್ತಿದ್ದೀರಿ ಅಂತ ಅರ್ಥ. ಒಂದು ಸ್ಟಾರ್ ಕೊಟ್ಟವರಲ್ಲಿ ಅರ್ಧ ಜನ ಇಲ್ಲೇ ಸೋತಿರಬೇಕು ಅಂತ ನನ್ನ ಅನುಮಾನ.

ಇನ್ನೊಂದು ಷರತ್ತು, ಬಟ್ಟೆ ಬಿಗಿಯಾಗಿರಬೇಕು. ಸೋಫಾದ ಕುಶನ್, ಹಾಸಿಗೆಗೆ ಎಳೆದು ಸಿಕ್ಕಿಸಿದ ಹೊದಿಕೆ, ಕಾರಿನ ಸೀಟು, ಇವೆಲ್ಲ ಇದಕ್ಕೆ ಹೇಳಿ ಮಾಡಿಸಿದ ಜಾಗ. ಮೈಮೇಲಿನ ಅಂಗಿ, ಸಡಿಲ ಸೋಫಾ ಕವರ್, ಸೀರೆ, ಸೊಳ್ಳೆಪರದೆ ಯಾವುದಕ್ಕೂ ಆಗುವುದಿಲ್ಲ. ಬಟ್ಟೆ ಮಡಿಕೆ ಬಿದ್ದು ರೋಲರಿನ ಬಾಯಿಗೆ ಸಿಕ್ಕಿಕೊಳ್ಳುತ್ತದೆ. ಪ್ಯಾಂಟನ್ನು ಮಂಚದ ಮೇಲೆ ಹರಡಿ, ಒಂದು ಕೈಯಲ್ಲಿ ಎಳೆದು ಹಿಡಿದು ಓಡಿಸಿದರೆ ಪರವಾಗಿಲ್ಲ. ರೆಕ್ಸಿನ್ ಸೋಫಾ ಇರುವವರು ಇದನ್ನು ಕೊಳ್ಳಲೇಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು.

ಒಣ ಹವೆಯಲ್ಲಿ ಮಾತ್ರ ಇದರ ಕೆಲಸ ನೋಡಲು ಖುಷಿ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ, ಅಂಗಳದಲ್ಲಿ ಅಡಿಕೆ ಹರಡಿರುವ ದಿನಗಳಲ್ಲಿ, ಸೋಫಾದ ಒಂದು ಕುಶನ್ ಮುಗಿಸಿ ಡಬ್ಬಿ ತೆರೆದರೆ ಒಳಗೆ ಒತ್ತಾದ ಬೂದು ಬಣ್ಣದ ಚಪ್ಪಟೆ ಉಂಡೆ. ಕೈಯಲ್ಲಿ ಎತ್ತಿದರೆ ಒಂದೇ ತುಂಡಾಗಿ ಬರುತ್ತದೆ. ಕಣ್ಣಿಗೆ ಸ್ವಚ್ಛವಾಗಿ ಕಂಡಿದ್ದ ಕುಶನ್‌ನಿಂದಲೂ ಬರುತ್ತದೆ.

ಇಷ್ಟೊಂದು ಕೂದಲು ಕೊಡವಿದರೂ ಯಾಕೆ ಬೀಳುವುದಿಲ್ಲ? ಕೂದಲಿನ ಮೇಲ್ಮೈ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಹುರುಪೆಗಳಿರುತ್ತವೆ, ಮಾಡಿನ ಹಂಚಿನ ಹಾಗೆ ಒಂದರ ಮೇಲೊಂದು. ಎಲ್ಲದರ ಅಂಚೂ ಕೂದಲಿನ ತುದಿಯ ಕಡೆಗೆ. ಆದ್ದರಿಂದ ಕೂದಲು ಬುಡ ಮುಂದಾಗಿ ಸಲೀಸಾಗಿ ಜಾರುತ್ತದೆ, ಹಿಂದಕ್ಕೆ ಬರುವಾಗ ಸಿಕ್ಕಿಕೊಳ್ಳುತ್ತದೆ. ನಾವು ಸೋಫಾದ ಮೇಲೆ ಕೂತು ಎದ್ದಷ್ಟೂ ಅದು ನೇಯ್ಗೆಯ ಒಳಗೆ ಹೋಗುತ್ತಲೇ ಇರುತ್ತದೆ. ಕಂಬಳಿಯ ಗತಿ ಇನ್ನೂ ಕಷ್ಟ. ಕುರಿಯ ಉಣ್ಣೆಗೂ ಅಂಥದೇ ಹುರುಪೆ, ಎರಡೂ ಒಂದಕ್ಕೊಂದು ಹೆಣೆದುಕೊಂಡುಬಿಡುತ್ತವೆ. ಉಣ್ಣೆಯನ್ನು ಒತ್ತಿ ಉಜ್ಜಿ ಫೆಲ್ಟ್ ಅನ್ನುವ ದಪ್ಪ ಬಟ್ಟೆ ಮಾಡುವುದೂ ಇದೇ ಗುಣದಿಂದ. ಕಂಬಳಿಯ ಮೇಲೆ ರೋಲರ್ ಓಡಿಸಿದರೆ ಬೆಕ್ಕಿನ ಕೂದಲಿಗಿಂತ ಕಂಬಳಿಯ ಜುಂಗೇ ಜಾಸ್ತಿ ಬರುತ್ತದೆ. ನಮ್ಮ ಬೆಕ್ಕಿಗೆ ಮಲಗಲು ಕಂಬಳಿಯೇ ಬೇಕು. ಕೊನೆಗೆ ಒಂದು ಹಳೇ ಕಂಬಳಿಯನ್ನು ಅದರ ಹೆಸರಿಗೇ ಬರೆದುಕೊಟ್ಟಾಯಿತು.

ಈಗ ಮಳೆಗಾಲದ ವಿಷಯಕ್ಕೆ ಬರುತ್ತೇನೆ.

ಜೂನ್ ಮಧ್ಯಕ್ಕೆ ರೋಲರ್ ಮಂಕಾಗುತ್ತದೆ. ಮೊದಲ ವರ್ಷ ಕೆಟ್ಟೇಹೋಯಿತು ಅಂದುಕೊಂಡಿದ್ದೆವು. ಕೆಟ್ಟಿರಲಿಲ್ಲ. ನಮ್ಮಲ್ಲಿ ಆಗ ಬಟ್ಟೆ ಒಣಗಿದ್ದರೂ ಒಣಗಿರುವುದಿಲ್ಲ. ಶೇ 65ರಷ್ಟು ತೇವ ಇರುವ ಗಾಳಿಯಲ್ಲೇ ಹತ್ತಿ ಬಟ್ಟೆ ತನ್ನ ಒಣ ತೂಕದ ಶೇ 8ರಷ್ಟು ನೀರನ್ನು ಹಿಡಿದುಕೊಂಡಿರುತ್ತದೆ. ಇಲ್ಲಿಯ ಜುಲೈ ಗಾಳಿ ಅದಕ್ಕಿಂತ ಎಷ್ಟೋ ಒದ್ದೆ. ತೇವ ಇದ್ದಲ್ಲಿ ಕೂದಲು ಎಳೆಗೆ ಅಂಟಿ ಕೂರುತ್ತದೆ. ರೋಲರಿನ ಪಟ್ಟಿಗೂ ತೇವ ತಾಗಿ ಅದರ ಎಳೆಗಳು ಮಲಗಿಬಿಡುತ್ತವೆ. ಹಿಡಿತ ಹೋಯಿತು. ಪಾಲಿಯೆಸ್ಟರ್ ಮಾತ್ರ ಗಾಳಿಯಿಂದ ಅರ್ಧ ಶೇಕಡದಷ್ಟೂ ನೀರು ಹೀರುವುದಿಲ್ಲ. ಅದಕ್ಕೇ ಹಾಲ್‌ನ ಪಾಲಿಯೆಸ್ಟರ್ ಕುಶನ್ ಮೇಲೆ ಜುಲೈನಲ್ಲೂ ರೋಲರ್ ಅಷ್ಟಿಷ್ಟು ಕೆಲಸ ಮಾಡುತ್ತದೆ, ಹತ್ತಿಯ ಹಾಸಿಗೆ ಹೊದಿಕೆಯ ಮೇಲೆ ಮಾಡುವುದಿಲ್ಲ. ಸೋಫಾಕ್ಕೆ ಬಟ್ಟೆ ಆರಿಸುವ ಮಲೆನಾಡಿನವರು ಇದನ್ನೊಂದು ಗಮನದಲ್ಲಿಡಿ.

ಕೂದಲು ಜಾಸ್ತಿ ಕಾಣುವುದೂ ಆ ತಿಂಗಳುಗಳಲ್ಲೇ. ನಾಯಿ ಆಗ ಹೆಚ್ಚು ಕೂದಲು ಉದುರಿಸುತ್ತದೆ ಅಂತ ಅಲ್ಲ, ಉದುರಿಸಿದ್ದೆಲ್ಲ ಮನೆಯೊಳಗೇ ಬೀಳುತ್ತದೆ. ತೋಟ ತಿರುಗುವ ನಾಯಿ ದಿನವಿಡೀ ಜಗಲಿ ಬಿಟ್ಟು ಏಳುವುದಿಲ್ಲವಲ್ಲ. ಬೇಕಾದಾಗಲೇ ಕೈಕೊಡುತ್ತದೆ ಅನ್ನುವುದು ಈ ರೋಲರ್ ಮೇಲೆ ನನ್ನ ದೊಡ್ಡ ದೂರು.

ಅಂಟು ಹಾಳೆಯ ರೋಲರ್ ಇದಕ್ಕಿಂತ ವಾಸಿಯೇ ಅಂತ ಕೇಳಬಹುದು. ಅದನ್ನೂ ಇಟ್ಟುಕೊಂಡಿದ್ದೇವೆ. 1956ರಲ್ಲಿ ಅಮೆರಿಕದ ನಿಕೋಲಸ್ ಮೆಕೇ ಅನ್ನುವವರು ರಟ್ಟಿನ ಕೊಳವೆಗೆ ಅಂಟುಪಟ್ಟಿಯನ್ನು ಅಂಟು ಹೊರಗಾಗಿ ಸುತ್ತಿ ಮಾಡಿದ ಉಪಾಯ ಅದು. ಇವತ್ತಿಗೂ ಹೆಚ್ಚೇನೂ ಬದಲಾಗಿಲ್ಲ. ಮೈಮೇಲಿನ ಬಟ್ಟೆಗೆ ಅದೇ ಒಳ್ಳೆಯದು. ಮದುವೆಗೆ ಹೊರಟವರ ಕೋಟಿಗೆ ಎರಡು ಹಾಳೆ ಸಾಕು. ಸೋಫಾಕ್ಕೆ ಬಳಸಿದರೆ ಒಂದೇ ಸಲಕ್ಕೆ ಅರ್ಧ ಸುರುಳಿ ಖಾಲಿ. ಮಳೆಗಾಲದಲ್ಲಿ ಕಾಗದ ಮೆತ್ತಗಾಗಿ, ಹಾಳೆ ಕಿತ್ತಾಗ ಓರೆಯಾಗಿ ಹರಿದು ಬರುತ್ತದೆ. ಸುರುಳಿ ತರಲಾಗದಿದ್ದರೆ ಪಾರ್ಸೆಲ್‌ಗೆ ಹಚ್ಚುವ ಕಂದು ಟೇಪನ್ನು ಕೈಗೆ ಉಲ್ಟಾ ಸುತ್ತಿಕೊಂಡರೂ ನಡೆಯುತ್ತದೆ.

ಮಳೆಗಾಲದಲ್ಲಿ ನಮ್ಮನ್ನು ಕಾಪಾಡಿದ್ದು ರಬ್ಬರ್ ಕೈಗವಸು. ಪಾತ್ರೆ ತೊಳೆಯುವ, ಬೆರಳ ಮೇಲೆ ಉಬ್ಬುಗೆರೆ ಇರುವಂಥದ್ದು. ಸ್ವಲ್ಪ ಒದ್ದೆ ಮಾಡಿ, ನೀರು ಝಾಡಿಸಿ, ಕುಶನ್ ಮೇಲೆ ಒಂದೇ ದಿಕ್ಕಿಗೆ ಎಳೆದರೆ ಕೂದಲು ಎದ್ದು ಬತ್ತಿಯಾಗಿ ಸುರುಳಿ ಸುತ್ತಿಕೊಳ್ಳುತ್ತದೆ. ಅದನ್ನು ಹೆಕ್ಕಿ ತೆಗೆದರಾಯಿತು. ರೋಲರಿಗೆ ಶತ್ರುವಾದ ತೇವ ಇಲ್ಲಿ ಸಹಾಯಕ್ಕೆ ಬರುತ್ತದೆ. ರಬ್ಬರ್ ಬಟ್ಟೆಯನ್ನು ಕಚ್ಚಿ ಹಿಡಿಯುತ್ತದೆ, ನೀರು ಬಿಡಿ ಕೂದಲುಗಳನ್ನು ಒಟ್ಟು ಸೇರಿಸುತ್ತದೆ. ಜಮಖಾನಕ್ಕೂ ಇದೇ ಸೈ. ಅಡಿಕೆ ಬೆಳೆಯುವ ಮನೆಯವರಿಗೆ ಒಂದು ಮಾತು: ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವಾಗ ಹಾಕಿಕೊಂಡ ಕೈಗವಸನ್ನು ಇದಕ್ಕೆ ತರಬೇಡಿ. ಎಷ್ಟು ತೊಳೆದರೂ ಮೈಲುತುತ್ತ, ಸುಣ್ಣ ಉಳಿದಿರುತ್ತದೆ. ಅದೇ ಕುಶನ್ ಮೇಲೆ ಬೆಕ್ಕು ಮಲಗಿ, ಆಮೇಲೆ ಮೈ ನೆಕ್ಕಿಕೊಳ್ಳುತ್ತದೆ. ಇದಕ್ಕೆಂದೇ ಬೇರೆ ಜೋಡಿ ಇಡಿ.

ಒಗೆಯುವುದರ ಬಗ್ಗೆಯೂ ಹೇಳಬೇಕು, ಏಕೆಂದರೆ ರೋಲರಿನ ನಿಜವಾದ ಲಾಭ ನಮಗೆ ಸಿಕ್ಕಿದ್ದು ಅಲ್ಲಿ. ಕೂದಲಿದ್ದ ಹೊದಿಕೆಯನ್ನು ಹಾಗೇ ವಾಷಿಂಗ್ ಮಷೀನ್‌ಗೆ ಹಾಕಿದರೆ ಕೂದಲು ಹೋಗುವುದಿಲ್ಲ, ಎಲ್ಲ ಬಟ್ಟೆಗೂ ಸಮಪಾಲಾಗಿ ಹಂಚಿಹೋಗುತ್ತದೆ. ಮಷೀನ್ ಒಳಗಿನ ಜಾಲರಿ ಚೀಲ ತುಂಬಿ, ನೀರು ಹೋಗುವ ಪೈಪಿಗೂ ಸಿಕ್ಕಿಕೊಳ್ಳುತ್ತದೆ. ಈಗ ಒಗೆಯುವ ಮುಂಚೆ ಒಣ ಹೊದಿಕೆಗೆ ಮಂಚದ ಮೇಲೇ ರೋಲರ್ ಓಡಿಸುತ್ತೇವೆ. ಜಾಲರಿ ಚೀಲದಲ್ಲಿ ಸಿಗುವ ಕಸ ಬಹಳ ಕಡಿಮೆಯಾಗಿದೆ. ಬೇರೆ ದೇಶದವರು ಒಗೆಯುವ ಮುಂಚೆ ಹತ್ತು ನಿಮಿಷ ಡ್ರೈಯರ್‌ನಲ್ಲಿ ತಿರುಗಿಸಿ ಅಂತ ಸಲಹೆ ಕೊಡುತ್ತಾರೆ. ನಮ್ಮ ಡ್ರೈಯರ್ ಅಂದರೆ ಬಚ್ಚಲ ಒಲೆಯ ಮೇಲೆ ಕಟ್ಟಿದ ಬಿದಿರ ಗಳ. ಆದರೂ ಮಳೆಗಾಲದಲ್ಲಿ ಹೊದಿಕೆಯನ್ನು ಅದರ ಮೇಲೆ ಸ್ವಲ್ಪ ಹೊತ್ತು ಬೆಚ್ಚಗೆ ಮಾಡಿ, ಬಿಸಿ ಆರುವ ಮುಂಚೆ ರೋಲರ್ ಓಡಿಸಿದರೆ ಒಳ್ಳೆಯ ಫಲ ಇದೆ. ಹೊಗೆ ವಾಸನೆ ಬರುತ್ತದೆ ಅಂತ ಮಗನ ತಕರಾರು.

ಕಾರವಾರದ ಅಕ್ಕನ ಮನೆಗೂ ಒಮ್ಮೆ ಇದನ್ನು ಒಯ್ದಿದ್ದೆ. ದೇವಿಮನೆ ಘಾಟಿ ಇಳಿದು ಕುಮಟಾ ದಾಟುವಷ್ಟರಲ್ಲಿ ಹವೆಯೇ ಬೇರೆ, ಉಪ್ಪಿನ ಜಿಗುಟು. ಅವಳ ಮನೆ ಸಮುದ್ರದಿಂದ ದೂರವೇನಿಲ್ಲ, ನಾಯಿ ದಿನಾ ಬೀಚಿಗೆ ಹೋಗಿ ಬರುತ್ತದೆ. ಸೋಫಾದಲ್ಲಿ ಕೂದಲಿನ ಜೊತೆ ಮರಳೂ ಇತ್ತು. ಮರಳಿನ ಕಾಳು ಉರುಳೆಯ ಸಂದಿಗೆ ಹೋಗಿ ಕರಕರ ಅನ್ನತೊಡಗಿತು. ಪೂರ್ತಿ ಬಿಚ್ಚಲು ಬರುವುದಿಲ್ಲ, ಅದೊಂದು ಕೊರತೆ. ಹಳೇ ಟೂತ್‌ಬ್ರಷ್ಷಿನಲ್ಲಿ ಕೆದಕಿ ಕೆದಕಿ ತೆಗೆದೆವು. ಕರಾವಳಿಯವರು ಮೊದಲು ಕುಶನ್ ಹೊರಗೆ ತಂದು ಕೋಲಿನಲ್ಲಿ ಬಡಿದು ಮರಳು ಉದುರಿಸಿ, ಆಮೇಲೆ ಇದನ್ನು ಮುಟ್ಟಿ.

ಸ್ವೆಟರ್ ಮೇಲೆ ಏಳುವ ಜುಂಗಿನ ಗುಂಡುಗಳಿಗೆ ಇದು ಏನೂ ಮಾಡುವುದಿಲ್ಲ. ಅವು ಬಟ್ಟೆಯ ಸ್ವಂತ ಎಳೆಗಳೇ ಉಜ್ಜಿ ಉಜ್ಜಿ ಗಂಟಾದದ್ದು, ಕತ್ತರಿಸಿಯೇ ತೆಗೆಯಬೇಕು. ಅದಕ್ಕೆ ಜಾಲರಿಯ ಹಿಂದೆ ಬ್ಲೇಡ್ ತಿರುಗುವ ಸಣ್ಣ ಮಷೀನ್ ಸಿಗುತ್ತದೆ. ಅದನ್ನು ತೆಳು ಬಟ್ಟೆಯ ಮೇಲೆ ಒತ್ತಬೇಡಿ, ತೂತು ಬೀಳುತ್ತದೆ.

ಬಾಳಿಕೆಯ ಲೆಕ್ಕ ಹೀಗಿದೆ. ಪಟ್ಟಿಯ ಎರಡೂ ತುದಿಯಲ್ಲಿ ಎಳೆ ಸವೆದು ಬೋಳಾಗಿದೆ, ನಡುವಿನ ಭಾಗ ಇನ್ನೂ ಚೆನ್ನಾಗಿದೆ. ಮುಚ್ಚಳದ ಕೊಕ್ಕೆ ಮೊದಲ ವರ್ಷವೇ ಸಡಿಲವಾಯಿತು. ಮಾರಿದವರಿಗೆ ಫೋಟೋ ಕಳಿಸಿದರೆ, ವಾಪಸ್ ಮಾಡುವ ಅವಧಿ ಮುಗಿದಿದೆ ಅನ್ನುವ ಒಂದೇ ಸಾಲಿನ ಉತ್ತರ ಮೂರು ಸಲ ಬಂತು. ಪಟ್ಟಿ ಬಿಡಿಯಾಗಿ ಸಿಗುತ್ತದೆಯೇ ಅಂದಿದ್ದಕ್ಕೆ ಉತ್ತರವೇ ಇಲ್ಲ. ಈಗ ಮುಚ್ಚಳಕ್ಕೆ ರಬ್ಬರ್ ಬ್ಯಾಂಡ್ ಹಾಕಿದ್ದೇವೆ, ನಡೆಯುತ್ತಿದೆ. ಪಟ್ಟಿಯನ್ನು ತೊಳೆಯಬಾರದು, ಎಳೆ ಮುದುಡುತ್ತದೆ. ಹಳೇ ಬಾಚಣಿಗೆಯಲ್ಲಿ ಎಳೆ ವಾಲಿದ ದಿಕ್ಕಿಗೇ ಬಾಚಿದರೆ ಸಿಕ್ಕಿದ ಕೂದಲು ಬರುತ್ತದೆ. ಮಳೆಗಾಲದಲ್ಲಿ ಹೊರಗಿಟ್ಟರೆ ಪಟ್ಟಿಗೆ ಬೂಷ್ಟು ಬರುತ್ತದೆ, ಕಮಟು ವಾಸನೆ. ನಾವು ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಅಡುಗೆಮನೆಯ ಒಲೆಯ ಮೇಲಿನ ನಾಗಂದಿಗೆಯಲ್ಲಿಡುತ್ತೇವೆ.

ನೆಂಟರ ಹುಡುಗನೊಬ್ಬನಿಗೆ ಬೆಕ್ಕಿನ ಅಲರ್ಜಿ ಇದೆ. ರೋಲರ್ ಓಡಿಸಿದರೆ ಅವನ ಸೀನು ನಿಲ್ಲುತ್ತದೆ ಅಂದುಕೊಳ್ಳಬೇಡಿ. ಅಲರ್ಜಿ ತರುವುದು ಮುಖ್ಯವಾಗಿ ಬೆಕ್ಕಿನ ಜೊಲ್ಲು ಮತ್ತು ಚರ್ಮದಿಂದ ಬರುವ ಒಂದು ಪ್ರೋಟೀನ್. ಕೂದಲು ಅದನ್ನು ಹೊತ್ತು ತರುತ್ತದೆ ಅಷ್ಟೇ. ಕೂದಲು ಹೋದರೂ ಅದು ಬಟ್ಟೆಯಲ್ಲಿ ಉಳಿದಿರುತ್ತದೆ. ಅವನು ಬರುವ ಹಿಂದಿನ ದಿನ ಹೊದಿಕೆ ಒಗೆಯುವುದೇ ದಾರಿ.

ಇಷ್ಟೆಲ್ಲ ಬರೆದ ಮೇಲೆ ಹೇಳಿದರೆ ರೋಲರಿಗೆ ಬೇಜಾರಾಗಬಹುದು, ಆದರೆ ಮನೆಯಲ್ಲಿ ಕೂದಲು ಕಡಿಮೆ ಮಾಡಿದ್ದು ಅದಕ್ಕಿಂತ ಜಾಸ್ತಿ ಒಂದು ರಬ್ಬರ್ ಹಲ್ಲಿನ ಬಾಚಣಿಗೆ. ಸಂಜೆ ಜಗಲಿಯಲ್ಲಿ ಕೂತು ನಾಯಿಗೆ, ಮೂಡ್ ಇದ್ದರೆ ಬೆಕ್ಕಿಗೂ, ಮಾವ ಬಾಚುತ್ತಾರೆ. ಸೋಫಾಕ್ಕೆ ಬರಬೇಕಾದ ಕೂದಲು ಅಲ್ಲೇ ಅವರ ಕೈಗೆ ಬರುತ್ತದೆ. ಪಂಚೆಗೂ ಬರುತ್ತದೆ, ಅದು ಬೇರೆ ಮಾತು.

ಇನ್ನೊಮ್ಮೆ ಕೊಳ್ಳುತ್ತೇನೆಯೇ ಅಂದರೆ, ಹೌದು. ಮಾಡಿನಡಿ ಒಣ ಜಾಗ ಇದ್ದು, ಬಿಗಿ ಬಟ್ಟೆಯ ಸೋಫಾ ಇರುವವರಿಗೆ ಈ ಬೆಲೆಗೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಆದರೆ ಜೂನ್‌ನಲ್ಲಿ ತರಿಸಬೇಡಿ. ವಾಪಸ್ ಮಾಡುವ ಅವಧಿ ಮುಗಿಯುವವರೆಗೂ ಅದು ಕೆಲಸ ಮಾಡುತ್ತದೋ ಇಲ್ಲವೋ ಅಂತ ನಿಮಗೆ ಗೊತ್ತೇ ಆಗುವುದಿಲ್ಲ. ದೀಪಾವಳಿ ಕಳೆದ ಮೇಲೆ ತರಿಸಿ, ಬಂದ ದಿನವೇ ಮುಚ್ಚಳದ ಕೊಕ್ಕೆಯನ್ನು ಹತ್ತಿಪ್ಪತ್ತು ಸಲ ತೆಗೆದು ಹಾಕಿ ನೋಡಿ.