ಅಣುವಿನ ಆಕಾರಕ್ಕೆ ಸ್ಟ್ಯಾಟಿಕ್ಕೋ, ಡೈನಾಮಿಕ್ಕೋ?

ಗಂಗಾವತಿ ಅಕ್ಕಿಯ ಪಿಷ್ಟವಿರಲಿ, ಪ್ರೋಟೀನಿರಲಿ, ದ್ರಾವಣದಲ್ಲಿ ಅಣು ಉಂಡೆಯಾಗಿದೆಯೋ ಕಡ್ಡಿಯಂತಿದೆಯೋ ತಿಳಿಯಲು ಲೇಸರ್ ಬೆಳಕಿನ ಚದುರುವಿಕೆಯಲ್ಲಿ ಎರಡು ವಿಧಾನಗಳಿವೆ: ಚದುರಿದ ಬೆಳಕಿನ ಸರಾಸರಿ ತೀವ್ರತೆ ಅಳೆಯುವ ಸ್ಟ್ಯಾಟಿಕ್, ಅದರ ಮಿನುಗಾಟ ಅಳೆಯುವ ಡೈನಾಮಿಕ್.

ಡೈನಾಮಿಕ್ ಸುಲಭ. ಒಂದೇ ಕೋನ ಸಾಕು, ಕೆಲವೇ ನಿಮಿಷದ ಕೆಲಸ. ಬೆಳಕಿನ ಮಿನುಗಾಟದಿಂದ ವಿಸರಣ ಗುಣಾಂಕ (ಅಣು ದ್ರಾವಣದಲ್ಲಿ ಹರಡುವ ವೇಗದ ಅಳತೆ), ಅದರಿಂದ ಜಲಗತಿಕ ತ್ರಿಜ್ಯ (ಅಷ್ಟೇ ವೇಗದಲ್ಲಿ ಹರಡುವ ಗೋಲದ ತ್ರಿಜ್ಯ) ಸಿಗುತ್ತದೆ. ಆದರೆ ಕಡ್ಡಿಯಂಥ ಅಣುವಿಗೂ ಇದು ಗೋಲದ ಲೆಕ್ಕವನ್ನೇ ಹೇಳುತ್ತದೆ.

ಸ್ಟ್ಯಾಟಿಕ್ ತ್ರಾಸದ್ದು. ಹಲವು ಕೋನ, ನಾಲ್ಕೈದು ಸಾಂದ್ರತೆ, ಚದುರುವಿಕೆ ಎಷ್ಟೆಂದು ಮೊದಲೇ ತಿಳಿದಿರುವ ಟೊಲ್ಯೂಯೀನ್ ದ್ರವದಿಂದ ಕ್ಯಾಲಿಬ್ರೇಷನ್ ಬೇಕು. ಪ್ರತಿಫಲವಾಗಿ ಅಣುತೂಕವೂ ಪರಿಭ್ರಮಣ ತ್ರಿಜ್ಯವೂ (ಅಣುವಿನ ದ್ರವ್ಯರಾಶಿ ಕೇಂದ್ರದಿಂದ ಎಷ್ಟು ದೂರ ಹರಡಿದೆ ಎಂಬ ಅಳತೆ) ಸಿಗುತ್ತವೆ. ತ್ರಿಜ್ಯ ಸುಮಾರು 10 ನ್ಯಾನೋಮೀಟರ್‌ಗಿಂತ ಕಡಿಮೆಯಾದರೆ ಕೋನ ಬದಲಾದರೂ ಬೆಳಕು ಬದಲಾಗದು. ಸಣ್ಣ ಪ್ರೋಟೀನಿಗೆ ಎಕ್ಸ್-ರೇ ಚದುರುವಿಕೆಯೇ ಗತಿ.

ನಿಜವಾದ ಆಕಾರ ತಿಳಿಯುವುದು ಎರಡರ ಅನುಪಾತದಿಂದ. ಪರಿಭ್ರಮಣ ತ್ರಿಜ್ಯವನ್ನು ಜಲಗತಿಕ ತ್ರಿಜ್ಯದಿಂದ ಭಾಗಿಸಿ: ಘನಗೋಲಕ್ಕೆ 0.775, ಸಡಿಲ ಸುರುಳಿಗೆ ಸುಮಾರು 1.5, ಉದ್ದ ಕಡ್ಡಿಗೆ 2 ದಾಟುತ್ತದೆ. ಕೈಯಲ್ಲಿ ಒಂದೇ ಉಪಕರಣವಿದ್ದರೆ ಆಕಾರದ ಮಾತು ಎಚ್ಚರದಿಂದ ಆಡಿ.

ಬಳ್ಳಾರಿಯ ಬೇಸಿಗೆಯಲ್ಲಿ ಎರಡಕ್ಕೂ ಶತ್ರು ಧೂಳು. ಚದುರುವಿಕೆ ತ್ರಿಜ್ಯದ 6ನೇ ಘಾತಕ್ಕೆ ಏರುವುದರಿಂದ, 100 ನ್ಯಾನೋಮೀಟರ್ ಕಣವೊಂದು 10 ನ್ಯಾನೋಮೀಟರ್‌ನ ಹತ್ತು ಲಕ್ಷ ಕಣಗಳಷ್ಟು ಹೊಳೆಯುತ್ತದೆ. ದ್ರಾವಕವನ್ನು 0.1 ಮೈಕ್ರೋಮೀಟರ್ ಫಿಲ್ಟರ್‌ನಲ್ಲಿ ಸೋಸಿ. ಪಿಷ್ಟವನ್ನು ಅದೇ ಫಿಲ್ಟರ್‌ಗೆ ಹಾಕಿದರೆ ದೊಡ್ಡ ಅಣುಗಳೇ ಜಾಲಿಯಲ್ಲಿ ಉಳಿದುಬಿಡುತ್ತವೆ!

ಡೈನಾಮಿಕ್‌ಗೆ ಉಷ್ಣತೆಯ ಕಾಟ ಹೆಚ್ಚು: ನೀರಿನ ಸ್ನಿಗ್ಧತೆ ಡಿಗ್ರಿಗೆ ಸುಮಾರು 2 ಶೇಕಡಾ ಇಳಿಯುತ್ತದೆ. ಬಿಸಿ ಕೋಣೆಯಿಂದ ತಂದ ಮಾದರಿ 25 ಡಿಗ್ರಿಗೆ ಇಳಿಯುವ ಮೊದಲೇ ಅಳೆದರೆ ಅಣು ಹೆಚ್ಚು ವೇಗವಾಗಿ ಹರಡುವುದರಿಂದ ಚಿಕ್ಕದಾಗಿ ಕಾಣುತ್ತದೆ.